ತೋಟದ ನಡುವಿನ ದಾರಿ: ಯಾರದು, ಯಾರು ನಡೆಯಬಹುದು?

ಕಾಫಿ ಕೊಯ್ಲು ಹತ್ತಿರವಾದಂತೆ ದಾರಿ ತಕರಾರಿನ ಪತ್ರಗಳೂ ಹೆಚ್ಚುತ್ತವೆ. ಈ ಸಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇವೆ. ಭೂಮಿ ವ್ಯಾಜ್ಯ ನಡೆಸುವ ವಕೀಲರೂ ಸರ್ವೆ ದಾಖಲೆ ಓದಬಲ್ಲವರೂ ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಎರಡು ವರ್ಷದ ಹಿಂದೆ 6 ಎಕರೆ ಕಾಫಿ ತೋಟ ಕೊಂಡೆ. ಮೇಲಿನ ಊರಿನವರು ನನ್ನ ತೋಟದ ನಡುವೆಯೇ ಬಸ್‌ ನಿಲ್ದಾಣಕ್ಕೆ ನಡೆದು ಹೋಗುತ್ತಾರೆ. ಈಚೆಗೆ ಬೈಕುಗಳೂ ಬರುತ್ತಿವೆ. ನನ್ನ ಕ್ರಯಪತ್ರದಲ್ಲಿ ದಾರಿಯ ಮಾತೇ ಇಲ್ಲ. ಗೇಟು ನಿಲ್ಲಿಸಿ ಬೀಗ ಹಾಕಬಹುದೇ?
— ಬೆಳೆಗಾರರು, ಸಕಲೇಶಪುರ ತಾಲ್ಲೂಕು

ಉತ್ತರ: ಬೀಗ ತರುವ ಮೊದಲು ಕಾಗದ ತನ್ನಿ. ಕ್ರಯಪತ್ರದಲ್ಲಿ ದಾರಿಯ ಮಾತಿಲ್ಲ ಎಂಬುದರಿಂದ ದಾರಿಯೇ ಇಲ್ಲ ಎಂದಾಗುವುದಿಲ್ಲ. ಮಾರಿದವರಿಗೆ ಎಷ್ಟು ಹಕ್ಕಿತ್ತೋ ಅಷ್ಟೇ ನಿಮಗೆ ಬಂದಿರುತ್ತದೆ.

ಮೊದಲು ಪಹಣಿಯ 3ನೇ ಕಾಲಂ ನೋಡಿ. ಒಟ್ಟು ವಿಸ್ತೀರ್ಣದ ಕೆಳಗೆ ‘ಅ’ ಖರಾಬು, ‘ಬ’ ಖರಾಬು ಎಂದು ಬೇರೆ ಬೇರೆ ಬರೆದಿರುತ್ತದೆ. ‘ಅ’ ಖರಾಬು ಎಂದರೆ ಬಂಡೆ, ಕಣ, ಕಟ್ಟಡ ಇತ್ಯಾದಿಯಿಂದ ಸಾಗುವಳಿಗೆ ಬಾರದ ಜಾಗ. ಅದು ಹಿಡುವಳಿಯ ಒಳಗೇ ಸೇರಿದ್ದು. ‘ಬ’ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. ಅದು ನಿಮ್ಮ ಬೇಲಿಯೊಳಗೆ ಇದ್ದರೂ ನಿಮ್ಮದಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ಬೇರೆಯವರ ಸ್ವತ್ತಲ್ಲದ ಸಾರ್ವಜನಿಕ ದಾರಿ, ಹೊಳೆ, ಹಳ್ಳಗಳು ಸರ್ಕಾರದವು.

‘ಬ’ ಖರಾಬು ಎಷ್ಟಿದೆ ಎಂಬುದರಿಂದ ದಾರಿಯ ಅಗಲವನ್ನೂ ಅಂದಾಜು ಮಾಡಬಹುದು. ಪಹಣಿಯಲ್ಲಿ 5 ಗುಂಟೆ ‘ಬ’ ಖರಾಬು ಇದೆ ಎಂದಿಟ್ಟುಕೊಳ್ಳಿ. ಗುಂಟೆಗೆ 1,089 ಚದರ ಅಡಿಯಂತೆ 5,445 ಚದರ ಅಡಿ ಆಯಿತು. ದಾರಿ ನಿಮ್ಮ ಸರ್ವೆ ನಂಬರಿನಲ್ಲಿ 660 ಅಡಿ ಉದ್ದ ಹಾದಿದ್ದರೆ ಅಗಲ ಎಂಟೂಕಾಲು ಅಡಿ. ಸರ್ವೆಯ 33 ಅಡಿ ಚೈನಿನಲ್ಲಿ (ಒಂದು ಚೈನಿಗೆ 16 ಆಣೆ) ಅದು ಸರಿಯಾಗಿ 4 ಆಣೆ. ಲೆಕ್ಕ ಹೀಗೆ ಕೂಡಿಬಂದರೆ ಅದು ಗಾಡಿ ದಾರಿಗೆ ಬಿಟ್ಟ ಜಾಗ ಎಂಬುದಕ್ಕೆ ಬಲ ಬರುತ್ತದೆ. ಅದೇ ನಂಬರಿನಲ್ಲಿ ಹಳ್ಳವೂ ಹರಿದಿದ್ದರೆ ಮಾತ್ರ ಖರಾಬಿನಲ್ಲಿ ಹಳ್ಳದ ಪಾಲೂ ಸೇರಿರುತ್ತದೆ, ಎಚ್ಚರ.

ಎರಡನೆಯದು ಗ್ರಾಮ ನಕಾಶೆ. ಸಾಮಾನ್ಯವಾಗಿ ಒಂಟಿ ಚುಕ್ಕೆಗೆರೆ ಕಾಲುದಾರಿ, ಜೋಡಿ ಚುಕ್ಕೆಗೆರೆ ಬಂಡಿ ದಾರಿ. ನಕಾಶೆಯ ಅಂಚಿನ ಚಿಹ್ನೆ ವಿವರ ನೋಡಿ ಖಚಿತ ಮಾಡಿಕೊಳ್ಳಿ. ನಕಾಶೆಯಲ್ಲಿ ದಾರಿ ಇದೆಯೇ ಎಂದು ತಿಳಿಯಬಹುದೇ ಹೊರತು ಬೇಲಿ ಎಲ್ಲಿಗೆ ಬರಬೇಕು ಎಂದು ನಿರ್ಧರಿಸಲಾಗದು. 1:7920 ಅಳತೆಯ ನಕಾಶೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಸುಮಾರು 26 ಅಡಿ. ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್ ತೋರಿಸುವ ಗೆರೆಗೂ ಇದೇ ಮಾತು. ಸಿಲ್ವರ್ ಮರಗಳ ದಟ್ಟ ನೆರಳಿನಲ್ಲಿ ಮೊಬೈಲಿನ ಜಿಪಿಎಸ್ ಇನ್ನಷ್ಟು ಸರಿದಾಡುತ್ತದೆ. ಆ್ಯಪ್ ನಂಬಿ ಕಲ್ಲುಕಂಬ ನೆಟ್ಟವರು ಆಮೇಲೆ ಕೀಳಿಸಿಕೊಳ್ಳಬೇಕಾಗುತ್ತದೆ. ಗಡಿಗೆ ಬೇಕಾದದ್ದು ಟಿಪ್ಪಣಿ (ಮೂಲ ಸರ್ವೆಯ ಅಳತೆ ನಕ್ಷೆ) ಮತ್ತು ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ). ಅವುಗಳ ನಕಲು ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಸಿಗುತ್ತದೆ. ನಾಡಕಚೇರಿಯಲ್ಲಿ ಹದ್ದುಬಸ್ತಿಗೆ (ಗಡಿ ಗುರುತಿಸುವ ಅಳತೆಗೆ) ಅರ್ಜಿ ಕೊಟ್ಟು, ಅಕ್ಕಪಕ್ಕದವರಿಗೆ ನೋಟಿಸು ಹೋಗಿ, ಭೂಮಾಪಕರು ಎಲ್ಲರೆದುರು ಅಳತೆ ಮಾಡಿದರೆ ಆ ಗಡಿ ನಿಲ್ಲುತ್ತದೆ.

ಮೂರನೆಯದು ಹಳೆಯ ಪತ್ರಗಳು. ನಿಮಗೆ ಮಾರಿದವರ ಪತ್ರ, ಅವರ ಹಿಂದಿನವರ ಪಾಲುಪಟ್ಟಿ, ಮೇಲಿನ ಊರಿನ ಜಮೀನಿನವರ ಪತ್ರ ಇವೆಲ್ಲವುಗಳ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಓದಿ. ‘ಪಶ್ಚಿಮಕ್ಕೆ ಓಡಾಡುವ ದಾರಿ’ ಎಂಬ ಒಂದೇ ಸಾಲು ಅಲ್ಲೆಲ್ಲೋ ಇರಬಹುದು.

ಈಗ ಉತ್ತರ. ದಾರಿ ‘ಬ’ ಖರಾಬಿನದಾದರೆ ಬೀಗ ಹಾಕುವಂತಿಲ್ಲ. ಎಷ್ಟೋ ವರ್ಷ ಯಾರೂ ನಡೆಯದೆ ಗಿಡ ಬೆಳೆದಿದ್ದರೂ ಸಾರ್ವಜನಿಕ ದಾರಿ ತಾನಾಗಿ ತೋಟವಾಗುವುದಿಲ್ಲ. ಒತ್ತುವರಿ ಎಂದು ಅರ್ಜಿ ಹೋದರೆ ತಹಶೀಲ್ದಾರರು ತೆರವು ಮಾಡಿಸುತ್ತಾರೆ. ನಕಾಶೆಯಲ್ಲಿ ಗೆರೆ ಇದ್ದು ಪಹಣಿಯಲ್ಲಿ ಖರಾಬು ಕಳೆದಿಲ್ಲದಿದ್ದರೆ ವಾದಕ್ಕೆ ಅವಕಾಶವಿದೆ, ಆದರೆ ಆ ಗೆರೆ ನಿಮ್ಮ ವಿರುದ್ಧ ಬಲವಾದ ಸಾಕ್ಷ್ಯ.

ಪಹಣಿ, ನಕಾಶೆ ಎರಡರಲ್ಲೂ ದಾರಿ ಇಲ್ಲ, ಆದರೂ ಊರವರು ನಡೆಯುತ್ತಿದ್ದಾರೆ ಎಂದರೆ 1882ರ ಈಸ್‌ಮೆಂಟ್ (ಬೇರೆಯವರ ಜಮೀನು ಬಳಸುವ ಹಕ್ಕಿನ) ಕಾಯ್ದೆಯ 15ನೇ ಕಲಂ ನೋಡಬೇಕು. 20 ವರ್ಷ ಬಹಿರಂಗವಾಗಿ, ಜಗಳವಿಲ್ಲದೆ, ತಡೆಯಿಲ್ಲದೆ, ಯಾರ ಅನುಮತಿಯನ್ನೂ ಕೇಳದೆ ‘ಇದು ನಮ್ಮ ಹಕ್ಕು’ ಎಂಬಂತೆ ತಮ್ಮ ಜಮೀನಿಗಾಗಿ ಓಡಾಡಿದ್ದರೆ ಅದು ಹಕ್ಕಾಗುತ್ತದೆ. ತೋಟದ ಯಜಮಾನರು ಮಾತು ಕೊಟ್ಟು ಬಿಟ್ಟ ದಾರಿಯಾದರೆ ಎಷ್ಟು ವರ್ಷ ನಡೆದರೂ ಅದು ಅನುಮತಿಯೇ. ಹಾಗಾಗಿ ಮಾರಿದವರನ್ನೂ ಅವರ ತೋಟದ ಹಳೆಯ ರೈಟರನ್ನೂ (ಗುಮಾಸ್ತರನ್ನೂ) ಕೇಳಿ: ಈ ದಾರಿ ಬಿಟ್ಟುಕೊಟ್ಟದ್ದೋ, ತಾನಾಗಿ ಬಿದ್ದದ್ದೋ?

ಬೈಕಿನ ವಿಷಯದಲ್ಲಿ ನಿಮ್ಮ ಮಾತಿಗೆ ಬಲವಿದೆ. ಅದೇ ಕಾಯ್ದೆಯ 28ನೇ ಕಲಂ ಪ್ರಕಾರ ಒಂದು ಬಗೆಯ ದಾರಿ ಹಕ್ಕಿನಲ್ಲಿ ಇನ್ನೊಂದು ಬಗೆಯ ಹಕ್ಕು ಸೇರಿಬರುವುದಿಲ್ಲ. ನಡೆದು ಗಳಿಸಿದ ಹಕ್ಕು ನಡೆಯುವುದಕ್ಕೆ ಮಾತ್ರ. ಪಿಕಪ್, ಜೀಪು ಅದರ ಹಿಂದೆ ಬರುವಂತಿಲ್ಲ. ಇದು ವೈಯಕ್ತಿಕ ದಾರಿ ಹಕ್ಕಿನ ಮಾತು, ಸಾರ್ವಜನಿಕ ಗಾಡಿ ದಾರಿಗೆ ಅನ್ವಯಿಸದು. ಖಾಸಗಿ ಕಾಲುದಾರಿಯಾಗಿದ್ದರೆ ದನ, ಬೈಕು ತಡೆಯಲು ಬೀಗವಿಲ್ಲದ ಉಣುಗೋಲನ್ನೋ (ಸರಿಸಿ ತೆಗೆಯುವ ಅಡ್ಡಗಳುಗಳನ್ನೋ) ಒಬ್ಬರು ನಡೆದು ದಾಟುವಷ್ಟು ಸಂದಿ ಬಿಟ್ಟ ಗೇಟನ್ನೋ ಇಡಬಹುದು. ನಡೆಯುವವರಿಗೆ ತೊಡಕಾಗದಂತೆ ಇರಬೇಕು, ಅಷ್ಟೆ. ತಲೆಹೊರೆ ಹೊತ್ತವರೂ ಮುದುಕರೂ ದಾಟುವಂತಿರಲಿ. ಅದು ಕಾನೂನಿಗೂ ಒಳ್ಳೆಯದು, ಊರಿನ ಸಂಬಂಧಕ್ಕೂ ಒಳ್ಳೆಯದು.

ಪ್ರಶ್ನೆ: ನಮ್ಮ ಅಜ್ಜನ ಕಾಲದಲ್ಲಿ ಜಮೀನು ಒಂದೇ ಆಗಿತ್ತು. ಪಾಲಾದ ಮೇಲೆ ರಸ್ತೆ ಬದಿ ದೊಡ್ಡಪ್ಪನ ಕಡೆಗೆ, ಹಿಂದಿನದು ನಮಗೆ ಬಂತು. ದೊಡ್ಡಪ್ಪನ ಮಕ್ಕಳು ಕಳೆದ ತಿಂಗಳು ಜೆಸಿಬಿ ತಂದು ದಾರಿಗೆ ಅಡ್ಡ ಅಗಳು ತೋಡಿದ್ದಾರೆ. ಕಾಫಿ ಹಣ್ಣು ಹೊರಗೆ ತರಲು ಬೇರೆ ದಾರಿಯಿಲ್ಲ.
— ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ನಿಮ್ಮದು ಬಲವಾದ ಪ್ರಕರಣ, ಆದರೆ ದಿನ ಕಳೆಯಬೇಡಿ. ಒಬ್ಬರದೇ ಆಗಿದ್ದ ಜಮೀನು ಪಾಲಾಗಿ ಅಥವಾ ಮಾರಾಟವಾಗಿ ಒಂದು ಭಾಗಕ್ಕೆ ದಾರಿಯೇ ಇಲ್ಲದಂತಾದರೆ ಈಸ್‌ಮೆಂಟ್ ಕಾಯ್ದೆಯ 13ನೇ ಕಲಂ ಪ್ರಕಾರ ಅನಿವಾರ್ಯತೆಯ ದಾರಿ ಹಕ್ಕು ಹುಟ್ಟುತ್ತದೆ. ಇದಕ್ಕೆ 20 ವರ್ಷ ಬೇಡ. ಎರಡು ಸಂಗತಿ ತೋರಿಸಬೇಕು: ಜಮೀನು ಮೊದಲು ಒಂದಾಗಿತ್ತು, ಈಗ ಬೇರೆ ದಾರಿಯೇ ಇಲ್ಲ. ‘ಬೇರೆ ದಾರಿ ಇದೆ, ಆದರೆ ದೂರ’ ಎಂದರೆ ಈ ಕಲಂ ನೆರವಿಗೆ ಬಾರದು. ಹಳ್ಳದ ಆಚೆಯಿಂದ ಬೇಸಗೆಯಲ್ಲಿ ಮಾತ್ರ ಬರುವ ದಾರಿ ಇದ್ದರೆ ಮಳೆಗಾಲದಲ್ಲಿ ಅದು ಮುಚ್ಚುವ ಫೋಟೊಗಳನ್ನು ತಾರೀಖಿನ ಸಮೇತ ಇಟ್ಟುಕೊಳ್ಳಿ.

ಪಾಲುಪಟ್ಟಿಯನ್ನು ಮತ್ತೆ ಓದಿ. ‘ಮಾಮೂಲು ದಾರಿಯಲ್ಲಿ ಓಡಾಡತಕ್ಕದ್ದು’ ಎಂದು ಬರೆದಿದ್ದರೆ ಕರಾರಿನಿಂದಲೇ ಹಕ್ಕು ಬಂದಂತೆ. ಇಂಥ ಪತ್ರಗಳಲ್ಲಿ ಅಗಲ, ಸರ್ವೆ ನಂಬರು, ಗಾಡಿಯೋ ಕಾಲ್ನಡಿಗೆಯೋ ಎಂಬುದನ್ನು ಬರೆಯದೆ ಬಿಡುತ್ತಾರೆ; ಮುಂದಿನ ತಲೆಮಾರಿನ ಜಗಳ ಹುಟ್ಟುವುದು ಅಲ್ಲೇ.

ಈಗ ಮಾಡಬೇಕಾದದ್ದು. ಅಗಳನ್ನು ನೀವೇ ಮುಚ್ಚಲು ಹೋಗಬೇಡಿ. ಅಲ್ಲಿ ಕೈಕೈ ಮಿಲಾಯಿಸಿದರೆ ದಾರಿಯ ಕೇಸು ಹಿಂದೆ ಬಿದ್ದು ಹೊಡೆದಾಟದ ಕೇಸು ಮುಂದೆ ಬರುತ್ತದೆ. ಅಗಳಿನ ಎರಡೂ ಬದಿಯಲ್ಲಿ ಹಳೆಯ ಚಕ್ರದ ಗುರುತು ಕಾಣುವಂತೆ ಫೋಟೊ ತೆಗೆಯಿರಿ. ಒಂದು ಮಳೆ ಬಿದ್ದರೆ ಆ ಗುರುತು ಹೋಗುತ್ತದೆ. ಹಾಲಿನ ಡೇರಿಗೆ, ಕೂಲಿಗೆ ಅದೇ ದಾರಿಯಲ್ಲಿ ಬರುತ್ತಿದ್ದ ಹಿರಿಯರಿಂದ ಪ್ರಮಾಣಪತ್ರ ಮಾಡಿಸಿ.

ಆಮೇಲೆ ತಹಶೀಲ್ದಾರರಿಗೆ ಅರ್ಜಿ. ಅವರು ತಾಲ್ಲೂಕು ಕಾರ್ಯನಿರ್ವಾಹಕ ದಂಡಾಧಿಕಾರಿಯೂ ಹೌದು. ಹಿಂದೆ ಸಿಆರ್‌ಪಿಸಿ 147ನೇ ಕಲಂ ಎನ್ನುತ್ತಿದ್ದುದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಂ ಆಗಿದೆ. ಜಮೀನು ಅಥವಾ ನೀರನ್ನು ಬಳಸುವ ಹಕ್ಕಿನ ತಕರಾರಿನಿಂದ ಶಾಂತಿಭಂಗದ ಸಂಭವವಿದ್ದರೆ ಅವರು ಎರಡೂ ಕಡೆಯವರನ್ನು ಕರೆದು, ವಿಚಾರಿಸಿ, ತಡೆ ತೆಗೆಯುವಂತೆ ಆದೇಶಿಸಬಹುದು. ಅರ್ಜಿಗಳು ಬೀಳುವುದು ಎರಡು ಕಾರಣಕ್ಕೆ. ಒಂದು, ‘ಶಾಂತಿಭಂಗದ ಸಂಭವವಿದೆ’ ಎಂಬುದನ್ನೂ ಅದರ ಕಾರಣವನ್ನೂ ಬರೆಯದಿರುವುದು. ಎರಡು, ತಡ. ವರ್ಷವಿಡೀ ಬಳಸುವ ದಾರಿಯಾದರೆ ಅರ್ಜಿಗೆ ಹಿಂದಿನ ಮೂರು ತಿಂಗಳೊಳಗೆ ಅದನ್ನು ಬಳಸಿರಬೇಕು. ನಿಮಗೆ ಒಂದು ತಿಂಗಳು ಆಗಲೇ ಕಳೆದಿದೆ.

ಈ ಆದೇಶ ಶಾಂತಿ ಕಾಯುವುದಕ್ಕೆ. ಹಕ್ಕು ತೀರ್ಮಾನವಾಗುವುದು ಸಿವಿಲ್ ನ್ಯಾಯಾಲಯದಲ್ಲಿ. ದಾರಿ ಹಕ್ಕಿನ ಘೋಷಣೆ, ಅಗಳು ಮುಚ್ಚಿಸುವ ಆಜ್ಞೆ, ಮುಂದೆ ಅಡ್ಡಿಪಡಿಸದಂತೆ ಶಾಶ್ವತ ತಡೆಯಾಜ್ಞೆ ಈ ಮೂರನ್ನೂ ಒಂದೇ ದಾವೆಯಲ್ಲಿ ಕೇಳಿ. ಸ್ಥಳ ನೋಡಿ ವರದಿ ಕೊಡಲು ಕೋರ್ಟ್ ಕಮಿಷನರ್ ನೇಮಕಕ್ಕೂ ಆರಂಭದಲ್ಲೇ ಅರ್ಜಿ ಹಾಕಿಸಿ.

15ನೇ ಕಲಮಿನ 20 ವರ್ಷದ ಬಳಕೆಯನ್ನು ನೆಚ್ಚಿಕೊಂಡವರೂ ಒಂದು ಮಾತು ಗಮನಿಸಬೇಕು. ದಾರಿ ಮುಚ್ಚಿದ್ದು ಗೊತ್ತಾಗಿಯೂ ಒಂದು ವರ್ಷ ಸುಮ್ಮನೆ ಒಪ್ಪಿಕೊಂಡಿದ್ದರೆ ಬಳಕೆ ಕಡಿದಂತೆ. ಆ 20 ವರ್ಷದ ಕೊನೆ ದಾವೆಗೆ ಹಿಂದಿನ ಎರಡು ವರ್ಷದೊಳಗೇ ಬರಬೇಕು. ‘ಅಪ್ಪನ ಕಾಲದಲ್ಲಿ ದಾರಿಯಿತ್ತು, ಮುಚ್ಚಿ ಐದು ವರ್ಷವಾಯ್ತು’ ಎಂದು ಬರುವವರಿಗೆ ಈ ಕಲಮಿನಿಂದ ಹೆಚ್ಚು ಸಹಾಯವಾಗುವುದಿಲ್ಲ.

ಪ್ರಶ್ನೆ: ನಮ್ಮ ತೋಟದ ಕೆಳಗೆ ಹಳ್ಳದಲ್ಲಿ ಸಣ್ಣ ಜಲಪಾತವಿದೆ. ಯಾರೋ ಇನ್‌ಸ್ಟಾಗ್ರಾಮಿಗೆ ಹಾಕಿದ ಮೇಲೆ ಶನಿವಾರ, ಭಾನುವಾರ ಕಾರುಗಳು ಸಾಲು ನಿಲ್ಲುತ್ತವೆ. ಹೂ ಬಿಟ್ಟಾಗ ಗಿಡದ ನಡುವೆ ನಿಂತು ಫೋಟೊ ಬೇರೆ. ಕೇಳಿದರೆ ‘ಹಳ್ಳ ಸರ್ಕಾರದ್ದು’ ಎನ್ನುತ್ತಾರೆ.
— ಬೆಳೆಗಾರ ದಂಪತಿ, ಚಿಕ್ಕಮಗಳೂರು ತಾಲ್ಲೂಕು

ಉತ್ತರ: ಹಳ್ಳ ಸರ್ಕಾರದ್ದು ಎಂಬುದು ನಿಜ. ಆದರೆ ಹಳ್ಳಕ್ಕೆ ಹೋಗುವ ದಾರಿ ನಿಮ್ಮ ಹಿಡುವಳಿಯೊಳಗೆ ಇದ್ದು, ನಕಾಶೆಯಲ್ಲಿ ಸಾರ್ವಜನಿಕ ದಾರಿ ಇಲ್ಲದಿದ್ದರೆ, ನೀರು ನೋಡುವ ಆಸೆಯಿಂದ ನಿಮ್ಮ ತೋಟ ದಾಟುವ ಹಕ್ಕು ಯಾರಿಗೂ ಬರುವುದಿಲ್ಲ.

ಹಾಗೆಂದು ಒಳಗೆ ಕಾಲಿಟ್ಟವರೆಲ್ಲ ಅಪರಾಧಿಗಳೂ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನ ಅಪರಾಧಿಕ ಅತಿಕ್ರಮ ಪ್ರವೇಶಕ್ಕೆ ಉದ್ದೇಶ ಬೇಕು: ಅಪರಾಧ ಮಾಡುವ, ಇಲ್ಲವೇ ಸ್ವಾಧೀನದಲ್ಲಿರುವವರನ್ನು ಬೆದರಿಸುವ, ಅವಮಾನಿಸುವ, ಕಿರಿಕಿರಿಪಡಿಸುವ ಉದ್ದೇಶ. ತನ್ನಿಂದ ಕಿರಿಕಿರಿಯಾದೀತು ಎಂಬ ಅರಿವಷ್ಟೇ ಸಾಲದು, ಅದೇ ಉದ್ದೇಶವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ. ದಾರಿ ತಪ್ಪಿ ಬಂದವರ ಮೇಲೆ ಕ್ರಿಮಿನಲ್ ಕೇಸು ನಿಲ್ಲುವುದಿಲ್ಲ. ಫಲಕ ಕಂಡು, ನೀವು ಹೇಳಿದ್ದನ್ನೂ ಕೇಳಿ, ‘ಹೋಗುವುದಿಲ್ಲ, ಏನು ಮಾಡ್ತೀರಿ’ ಎಂದು ಕೂತವರ ಸಂಗತಿ ಬೇರೆ. ಶಿಕ್ಷೆ 3 ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ಐಪಿಸಿಯಲ್ಲಿ ದಂಡ ಕೇವಲ 500 ರೂಪಾಯಿ ಇತ್ತು. ವಾಸದ ಮನೆಗೆ ನುಗ್ಗಿದರೆ ಒಂದು ವರ್ಷದವರೆಗೆ ಸೆರೆಯಿದೆ.

ಆದ್ದರಿಂದ ಫಲಕ ಮುಖ್ಯ. ‘ಪ್ರವೇಶ ನಿಷೇಧ’ ಎಂದಷ್ಟೇ ಬರೆಸಿದರೆ ಸಾಲದು. ‘ಇದು ಖಾಸಗಿ ಕಾಫಿ ತೋಟ, ಸರ್ವೆ ನಂ. ಇಂತಿಷ್ಟು. ಜಲಪಾತಕ್ಕೆ ಸಾರ್ವಜನಿಕ ದಾರಿ ಇಲ್ಲ. ಅನುಮತಿಯಿಲ್ಲದೆ ಒಳಬರಬೇಡಿ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ. ಕಾರು ನಿಲ್ಲುವ ಜಾಗದಲ್ಲೊಂದು, ಬೇಲಿ ದಾಟುವ ಜಾಗದಲ್ಲೊಂದು ಇರಲಿ. ಫಲಕ ಕಾಣುವಂತೆ ಕಾರಿನ ನಂಬರಿನ ಫೋಟೊ ತೆಗೆದುಕೊಳ್ಳಿ. ಹೊರಡಲು ಹೇಳುವಾಗ ಒಬ್ಬರು ಸಾಕ್ಷಿ ಜೊತೆಗಿರಲಿ. ಒಪ್ಪದಿದ್ದರೆ 112ಕ್ಕೆ ಕರೆ ಮಾಡಿ. ಇನ್‌ಸ್ಟಾಗ್ರಾಮಿನಲ್ಲೂ ಗೂಗಲ್ ಮ್ಯಾಪಿನಲ್ಲೂ ಆ ಜಾಗ ಖಾಸಗಿ ಎಂದು ವರದಿ ಮಾಡಿ. ಗುಂಪು ಕರಗಲು ಅದು ಹಲವು ಸಲ ಪೊಲೀಸರಿಗಿಂತ ಹೆಚ್ಚು ನೆರವಾಗುತ್ತದೆ.

ಮಾಡಬಾರದ್ದನ್ನು ಒತ್ತಿ ಹೇಳುತ್ತೇವೆ, ಏಕೆಂದರೆ ತೋಟದವರೇ ಆರೋಪಿಗಳಾಗುವುದು ಇಲ್ಲೇ. ಕಾರಿನ ಕೀ ಕಿತ್ತುಕೊಳ್ಳುವುದು, ಚಕ್ರದ ಗಾಳಿ ಬಿಡುವುದು, ಗೇಟು ಹಾಕಿ ಕೂಡಿಹಾಕುವುದು, ‘ದಂಡ’ ಎಂದು ಹಣ ವಸೂಲು ಮಾಡುವುದು ಎಲ್ಲವೂ ಬೇರೆ ಬೇರೆ ಅಪರಾಧಗಳು. ಖಾಸಗಿ ವ್ಯಕ್ತಿ ಇನ್ನೊಬ್ಬರನ್ನು ಹಿಡಿದಿಡಬಹುದಾದದ್ದು ಮುಖ್ಯವಾಗಿ ತನ್ನ ಕಣ್ಣೆದುರು ಜಾಮೀನಿಲ್ಲದ, ಪೊಲೀಸರು ನೇರ ಬಂಧಿಸಬಹುದಾದ ಅಪರಾಧ ನಡೆದಾಗ. ಅತಿಕ್ರಮ ಪ್ರವೇಶ ಜಾಮೀನು ಸಿಗುವ ಅಪರಾಧ. ರಾತ್ರಿ ಮೂಟೆಗಟ್ಟಲೆ ಕಾಫಿ ಕದ್ದು ಸಿಕ್ಕಿಬಿದ್ದರೆ ಹಿಡಿದು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬಹುದು. ಒಂದು ಹಿಡಿ ಮೆಣಸು ಕಿತ್ತ ಪ್ರವಾಸಿಗನಿಗೆ ಆ ಮಾತು ಅನ್ವಯಿಸದು.

ಪ್ರಶ್ನೆ: ಆನೆ ಕಾಟಕ್ಕೆ ಸೋಲಾರ್ ಬೇಲಿ ಹಾಕಿಸುತ್ತಿದ್ದೇನೆ. ಜನ ಓಡಾಡುವ ಕಡೆ ಏನು ಎಚ್ಚರ ವಹಿಸಬೇಕು?
— ಓದುಗರು, ಆಲೂರು ತಾಲ್ಲೂಕು

ಉತ್ತರ: ಒಳ್ಳೆಯ ಎನರ್ಜೈಸರ್ (ಬೇಲಿಗೆ ವಿದ್ಯುತ್ ಹರಿಸುವ ಯಂತ್ರ) ಕೊಡುವ ವಿದ್ಯುತ್ತು ಬಿಟ್ಟುಬಿಟ್ಟು ಬರುತ್ತದೆ. ಒಂದು ಹೊಡೆತ ಸೆಕೆಂಡಿನ ನೂರನೇ ಒಂದು ಭಾಗ ಮೀರಬಾರದು, ಎರಡು ಹೊಡೆತಗಳ ನಡುವೆ ಒಂದು ಸೆಕೆಂಡಾದರೂ ಬಿಡುವಿರಬೇಕು, ಶಕ್ತಿ 5 ಜೂಲ್ ಮೀರಬಾರದು. ವೋಲ್ಟ್ ಸಾವಿರಗಳಲ್ಲಿದ್ದರೂ ಜೀವ ಉಳಿಯುವುದು ಆ ಬಿಡುವಿನಿಂದ, ತಂತಿ ಹಿಡಿದ ಕೈ ಬಿಡಲು ಸಮಯ ಸಿಗುವುದರಿಂದ. ಮನೆಯ 230 ವೋಲ್ಟ್ ಲೈನನ್ನು ನೇರ ಬೇಲಿಗೆ ಕೊಟ್ಟರೆ ಈ ಬಿಡುವೇ ಇಲ್ಲ. ಅದರಿಂದ ಸತ್ತವನು ಕಳ್ಳನೇ ಆಗಿದ್ದರೂ ಹಾಕಿದವರ ಮೇಲೆ ಜೀವಹತ್ಯೆಯ ಕೇಸು ಬರುತ್ತದೆ. ಆಸ್ತಿ ರಕ್ಷಣೆಯ ಹಕ್ಕು ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಷ್ಟು ದೂರ ಹೋಗುವುದಿಲ್ಲ. ದಯವಿಟ್ಟು ಈ ಒಂದು ವಿಷಯದಲ್ಲಿ ಯಾರ ಮಾತೂ ಕೇಳಬೇಡಿ.

ದಾರಿಗೆ ಅಡ್ಡ ತಂತಿ ಎಳೆಯಬೇಡಿ. ಎಳೆಯಲೇಬೇಕಾದರೆ ಇನ್ಸುಲೇಟೆಡ್ ಹಿಡಿಯುಳ್ಳ ಸ್ಪ್ರಿಂಗ್ ಗೇಟು ಹಾಕಿಸಿ, ಹಗಲು ತೆರೆದಿಡಿ. ದಾರಿ ಬದಿಯ ಉದ್ದಕ್ಕೂ ಹಳದಿ ಎಚ್ಚರಿಕೆ ಫಲಕ ತೂಗಿಸಿ. ಓದು ಬಾರದವರಿಗೂ ಮಕ್ಕಳಿಗೂ ಅರ್ಥವಾಗುವಂತೆ ಮಿಂಚಿನ ಚಿತ್ರವಿರಲಿ.

ಪ್ರಶ್ನೆ: ಸುಗ್ಗಿ ಹಬ್ಬದಲ್ಲಿ ದೇವರ ಅಡ್ಡೆ (ದೇವರನ್ನು ಹೊತ್ತೊಯ್ಯುವ ಪಲ್ಲಕ್ಕಿ) ಹೋಗುವ ದಾರಿ ಈಗ ಹೊಸಬರು ಕೊಂಡ ತೋಟದೊಳಗಿದೆ. ನಮ್ಮ ಕಾಲೊನಿಯ ಸ್ಮಶಾನಕ್ಕೂ ಅದೇ ದಾರಿ. ಅವರು ಗೇಟು ಹಾಕಿದ್ದಾರೆ. ವರ್ಷಕ್ಕೊಮ್ಮೆ ಬಳಸುವುದಕ್ಕೆ ಹಕ್ಕಿದೆಯೇ?
— ಗ್ರಾಮಸ್ಥರು, ಬೇಲೂರು ತಾಲ್ಲೂಕು

ಉತ್ತರ: ಇದೆ. ಊರಿನವರೆಲ್ಲ ರೂಢಿಯಿಂದ ಬಳಸಿಕೊಂಡು ಬಂದ ಹಕ್ಕನ್ನು ಕಾನೂನು ಬೇರೆಯಾಗಿ ಗುರುತಿಸುತ್ತದೆ. ರೂಢಿ ಹಳೆಯದು, ಕಡಿಯದೆ ಬಂದದ್ದು, ನ್ಯಾಯವಾದದ್ದು ಎಂದು ತೋರಿಸಬೇಕು. ದೇವಸ್ಥಾನದ ಹಳೆಯ ಲೆಕ್ಕದ ಪುಸ್ತಕ, ಕರಪತ್ರ, ಹಿಂದಿನ ಹಬ್ಬಗಳ ಫೋಟೊ ಎಲ್ಲ ಸಾಕ್ಷ್ಯವೇ. ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಮಿನಲ್ಲೂ ಋತುಮಾನದ ಬಳಕೆಗೆ ಮೂರು ತಿಂಗಳ ಮಿತಿ ಇಲ್ಲ. ಕಳೆದ ಸಲದ ಹಬ್ಬದಲ್ಲಿ ಬಳಸಿದ್ದರೆ ಸಾಕು. ಹಬ್ಬದ ಹಿಂದಿನ ದಿನ ಓಡುವ ಬದಲು ಎರಡು ತಿಂಗಳ ಮೊದಲೇ ಅರ್ಜಿ ಕೊಡಿ.

ಸ್ಮಶಾನದ ದಾರಿ ಇನ್ನೂ ಗಂಭೀರ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರನ್ನು ಅವರ ಜಾತಿಯ ಕಾರಣಕ್ಕೆ ಸ್ಮಶಾನ, ನೀರಿನ ಮೂಲ, ಸಾರ್ವಜನಿಕ ದಾರಿ ಬಳಸದಂತೆ ತಡೆಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅಂಥ ತಡೆಯಾಗಿದ್ದರೆ ಠಾಣೆಗೆ ದೂರು ಕೊಡಿ, ಪ್ರತಿಯನ್ನು ತಹಶೀಲ್ದಾರರಿಗೂ ಸಮಾಜ ಕಲ್ಯಾಣ ಇಲಾಖೆಗೂ ಕಳಿಸಿ. ಹೆಣ ಹೊತ್ತು ಗೇಟಿನ ಮುಂದೆ ಕಾಯುವ ಸ್ಥಿತಿ ಯಾರಿಗೂ ಬರಕೂಡದು.

ಪ್ರಶ್ನೆ: ಪಕ್ಕದವರಿಗೆ ಕೊಯ್ಲಿನ ಕಾಲದಲ್ಲಿ ಮಾತ್ರ ದಾರಿ ಬಿಡಲು ನನ್ನ ಅಭ್ಯಂತರವಿಲ್ಲ. ಮುಂದೆ ಅದೇ ಹಕ್ಕಾಗಿಬಿಟ್ಟರೆ ಎಂಬ ಭಯ.
— ಓದುಗರು, ಕೊಪ್ಪ ತಾಲ್ಲೂಕು

ಉತ್ತರ: ಬರೆದು ಕೊಟ್ಟರೆ ಭಯವಿಲ್ಲ. ಅನುಮತಿ ಎಂದು ಬರೆದಿದ್ದಷ್ಟು ಕಾಲ 20 ವರ್ಷದ ಲೆಕ್ಕ ಶುರುವಾಗುವುದೇ ಇಲ್ಲ. ಪತ್ರದಲ್ಲಿ ಸರ್ವೆ ನಂಬರು, ದಾರಿಯ ಅಗಲ, ಯಾವ ವಾಹನ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಹಾಳಾದರೆ ಮಣ್ಣು ಹಾಕಿಸುವವರು ಯಾರು, ಅನುಮತಿ ಹಿಂಪಡೆಯಲು ಎಷ್ಟು ದಿನದ ಸೂಚನೆ ಎಂಬುದೆಲ್ಲ ಇರಲಿ. ಪಡೆದವರ ಸಹಿ ಮುಖ್ಯ, ‘ಇದು ಅನುಮತಿ, ಹಕ್ಕಲ್ಲ’ ಎಂಬ ಸಾಲಿನ ಕೆಳಗೇ ಹಾಕಿಸಿ. ಪ್ರತಿ ವರ್ಷ ಹೊಸದಾಗಿ ಬರೆಸಿ. ಅವರು ನಿಮ್ಮ ಅನುಮತಿ ನಂಬಿ ಸ್ವಂತ ಖರ್ಚಿನಲ್ಲಿ ಮೋರಿ, ಕಾಂಕ್ರೀಟು ಹಾಕಿಸುವುದನ್ನು ನೋಡಿ ಸುಮ್ಮನಿರಬೇಡಿ; ಶಾಶ್ವತ ಕಾಮಗಾರಿ ಆದ ಮೇಲೆ ಅನುಮತಿ ಹಿಂಪಡೆಯುವುದು ಕಷ್ಟ. ಶಾಶ್ವತವಾಗಿಯೇ ದಾರಿ ಕೊಡುವ ಮನಸ್ಸಿದ್ದರೆ ನಕ್ಷೆ ಸಮೇತ ನೋಂದಾಯಿತ ಪತ್ರ ಮಾಡಿಸಿ.

ಪ್ರಶ್ನೆ: ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ರೈಲು ಹಳಿಯ ಮೇಲೆ ಚಾರಣ ಹೋಗಬಹುದೇ?
— ವಿದ್ಯಾರ್ಥಿಗಳು, ಹಾಸನ

ಉತ್ತರ: ಹೋಗುವಂತಿಲ್ಲ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ 6 ತಿಂಗಳವರೆಗೆ ಸೆರೆ, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಲ್ಲಿ ಉದ್ದೇಶದ ಪ್ರಶ್ನೆಯೇ ಬರುವುದಿಲ್ಲ, ಅನುಮತಿಯಿಲ್ಲದೆ ಒಳಗಿದ್ದರೆ ಸಾಕು. ಆ ಘಾಟಿಯಲ್ಲಿ 57 ಸುರಂಗಗಳಿವೆ. ಒಳಗಿರುವಾಗ ರೈಲು ಬಂದರೆ ಸರಿಯಲು ಜಾಗ ಸಾಲದು. ಕಾಡಿನ ಚಾರಣಕ್ಕೆ ಅರಣ್ಯ ಇಲಾಖೆ ಗೊತ್ತುಮಾಡಿದ ದಾರಿಗಳಿವೆ, ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಗಡ ಟಿಕೆಟ್ ಪಡೆಯಿರಿ.

ಪ್ರಶ್ನೆ: ಪಕ್ಕದವರ ದನಗಳು ಎಳೆ ಗಿಡ ತುಳಿಯುತ್ತವೆ. ಕಟ್ಟಿಹಾಕಿಕೊಳ್ಳಬಹುದೇ?
— ಓದುಗರು, ಅರಸೀಕೆರೆ ತಾಲ್ಲೂಕು

ಉತ್ತರ: ಹಿಡಿಯಬಹುದು, ಇಟ್ಟುಕೊಳ್ಳುವಂತಿಲ್ಲ. ತಡಮಾಡದೆ ದೊಡ್ಡಿಗೆ (ಹಿಡಿದ ದನ ಕೂಡಿಹಾಕುವ ಸಾರ್ವಜನಿಕ ಜಾಗಕ್ಕೆ) ಒಪ್ಪಿಸಬೇಕು. ದಂಡ ಕಟ್ಟಿಸಿಕೊಳ್ಳುವುದು ದೊಡ್ಡಿಯವರ ಕೆಲಸ. ದೊಡ್ಡಿ ಇಲ್ಲದ ಕಡೆ ಗ್ರಾಮ ಪಂಚಾಯಿತಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ತುಳಿದ ಗಿಡಗಳನ್ನು ಎಣಿಸಿ, ಫೋಟೊ ತೆಗೆದು, ಇಬ್ಬರ ಸಹಿಯೊಂದಿಗೆ ಅಂದೇ ಪಂಚನಾಮೆ ಬರೆದಿಟ್ಟುಕೊಂಡರೆ ನಷ್ಟ ಪರಿಹಾರ ಕೇಳಲು ಆಧಾರವಾಗುತ್ತದೆ. ಅಷ್ಟು ಹೊತ್ತು ದನಕ್ಕೆ ನೀರು, ಹುಲ್ಲು ಕೊಡುವ ಹೊಣೆ ಹಿಡಿದವರದೇ.